ಕಲ್ಯಾಣದುರ್ಗದಲ್ಲಿ ನಾನು ನಿಲ್ಲಿಸಿದ ಪಾಠ

ಗಂಡು ಚಿಟ್ಟೆ ಯಾವುದು, ಹೆಣ್ಣು ಚಿಟ್ಟೆ ಯಾವುದು ಎಂದು ಹೇಳಲು ನನಗೆ ಕಣ್ಣು ಬೇಕಾಗಿರಲಿಲ್ಲ. ಅಂಗೈ ಮೇಲಿಟ್ಟರೆ ಸಾಕಿತ್ತು. ಹೆಣ್ಣು ಭಾರ, ಇಟ್ಟಲ್ಲೇ ಕೂತಿರುತ್ತದೆ. ಗಂಡು ಹಗುರ, ರೆಕ್ಕೆ ಬಡಿಯುತ್ತಾ ಬೆರಳ ಸಂದಿಯಲ್ಲೆಲ್ಲ ಓಡಾಡುತ್ತದೆ. ಹಿಂದೂಪುರದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಖಾಸಗಿ ಕೋಠಿಗೆ ನಾನು ಸೇರಿದ್ದು ಹತ್ತನೇ ತರಗತಿ ಮುಗಿಸಿದ ವರ್ಷ. ಮೇಸ್ತ್ರಿಯಾಗಿ ಕೆಲಸ ಬಿಟ್ಟದ್ದು ತಲೆ ಪೂರ್ತಿ ಬೆಳ್ಳಗಾದ ಮೇಲೆ. ರೊದ್ದಂ, ಗೋರಂಟ್ಲ ಕಡೆಯ ರೈತರು ಹುಳು ಮೇಯಿಸಲು ನಮ್ಮಲ್ಲಿಂದಲೇ ಮೊಟ್ಟೆ ಒಯ್ಯುತ್ತಿದ್ದರು. ಬೆಳಗಿನ ಜಾವ ಗೂಡಿನಿಂದ ಹೊರಬಂದ ಚಿಟ್ಟೆಗಳನ್ನು ಬೇರೆ ಮಾಡುವುದು, ಗಂಡು ಹೆಣ್ಣನ್ನು ಜೋಡಿ ಬಿಡುವುದು, ಹೊತ್ತು ನೋಡಿ ಜೋಡಿ ಬಿಡಿಸುವುದು, ಹೆಣ್ಣನ್ನು ಹಾಳೆಯ ಮೇಲೆ ಮೊಟ್ಟೆಗೆ ಕೂರಿಸುವುದು, ಇದೇ ನನ್ನ ಕೆಲಸ. ಗಂಡಸರು ಹೆಂಗಸರು ಒಂದೇ ಮೇಜಿನ ಸುತ್ತ ಕೂತು ಮಾಡುತ್ತಿದ್ದೆವು. ಕೂಡುವುದು, ಬಿಡಿಸುವುದು, ಮೊಟ್ಟೆ ಕಟ್ಟುವುದು ಎಂಬ ಮಾತುಗಳು ಅಲ್ಲಿ ಉಪ್ಪು ಹುಣಸೆಹಣ್ಣಿನ ಮಾತಿನಷ್ಟೇ ಸಲೀಸು. ಯಾರಿಗೂ ನಾಚಿಕೆಯಿರಲಿಲ್ಲ.

ಕೋಠಿಯ ಗೇಟು ದಾಟಿ ಸೈಕಲ್ ಹತ್ತಿದರೆ ನಾನು ಬೇರೆ ಮನುಷ್ಯ. ಮನೆಯಲ್ಲಿ ನನ್ನ ಬಾಯಿಂದ ಅಂಥ ಒಂದು ಮಾತೂ ಬಿದ್ದದ್ದಿಲ್ಲ. ನನಗೆ ಇದ್ದವಳು ಒಬ್ಬಳೇ ಮಗಳು. ಅವಳು ಏಳನೇ ತರಗತಿಯಲ್ಲಿದ್ದಾಗ ನನ್ನ ಹೆಂಡತಿ ತೀರಿಕೊಂಡಳು. ಮರುವರ್ಷ ಮಗಳು ಮೈನೆರೆದಳು. ಪಕ್ಕದ ಮನೆಯ ಹೆಂಗಸು ಬಂದು, "ಎಳ್ಳು, ಬೆಲ್ಲ, ಕೊಬ್ಬರಿ ತಕೊಂಬಾಪ್ಪ, ಮಿಕ್ಕಿದ್ದು ನಾವು ನೋಡ್ಕಂತೀವಿ" ಎಂದಳು. ನಾನು ತಂದುಕೊಟ್ಟೆ. ಮಿಕ್ಕಿದ್ದು ಏನು ಎಂದು ಕೇಳಲಿಲ್ಲ. ಆ ಹುಡುಗಿ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ನನ್ನ ಮುಖ ನೋಡಿದ್ದು ನೆನಪಿದೆ. ತನಗೆ ಏನಾಗಿದೆ ಎಂದು ಯಾರಾದರೂ ಹೇಳಲಿ ಎಂಬ ನೋಟ ಅದು. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದೆ.

ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ನನಗೆ ಊಟದ ಬುತ್ತಿ ತರುತ್ತಿದ್ದವಳು ಅವಳೇ. ಕೋಠಿಯ ಮೇಜಿನ ತುದಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ನನ್ನ ಕೆಲಸ ಅವಳಿಗೆ ನನ್ನಷ್ಟೇ ಗೊತ್ತಿತ್ತು.

ಹತ್ತನೇ ತರಗತಿ ಪಾಸಾದ ಮೇಲೆ ಅವಳನ್ನು ಮನೆಯಲ್ಲೇ ಇರಿಸಿಕೊಂಡೆ. ವಯಸ್ಸು ತುಂಬಿದ ಕೂಡಲೇ ಕಲ್ಯಾಣದುರ್ಗಕ್ಕೆ ಕೊಟ್ಟೆ. ಹುಡುಗ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ, ಬಸ್ ಸ್ಟ್ಯಾಂಡ್ ಹಿಂದೆ ಸ್ವಂತ ಅಂಗಡಿ. ಕುಡಿತವಿಲ್ಲ, ಜೂಜಿಲ್ಲ. ಮಾತು ಕಮ್ಮಿ. ಒಳ್ಳೆ ಅಳಿಯನೆಂದು ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ.

ವರ್ಷಗಳು ಹೋದವು, ಮಕ್ಕಳಾಗಲಿಲ್ಲ. ಹರಕೆ ಆಯಿತು, ಉಪವಾಸ ಆಯಿತು. ಹಿಂದೂಪುರದಲ್ಲಿ ಬೇರು ಕುಟ್ಟಿ ಔಷಧಿ ಕೊಡುವವನೊಬ್ಬನಿದ್ದ. ಅವನ ಕೈಯಿಂದ ಕಷಾಯ ಮಾಡಿಸಿ, ಬಾಟ್ಲಿಗೆ ತುಂಬಿ, ಬಿರಡೆಗೆ ಬಟ್ಟೆ ಸುತ್ತಿ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸುತ್ತಿದ್ದವನು ನಾನೇ. ಒಗರು, ಕಹಿ, ಕುಡಿದರೆ ಹೊಟ್ಟೆ ತೊಳೆಸುತ್ತಿತ್ತಂತೆ. ಕುಡಿದವಳು ಅವಳೊಬ್ಬಳೇ. ಅಳಿಯನಿಗೊಂದು ಲೋಟ ಕೊಡು ಎಂದು ನನಗಾಗಲಿ, ಔಷಧಿಯವನಿಗಾಗಲಿ, ಬೀಗಿತ್ತಿಗಾಗಲಿ ಹೊಳೆಯಲಿಲ್ಲ.

ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಹೈಸ್ಕೂಲುಗಳಿಗೂ ಮಧ್ಯಾಹ್ನದ ಊಟ ಬಂತು. ಮಗಳು ಮನೆ ಹತ್ತಿರದ ಹೈಸ್ಕೂಲಿನಲ್ಲಿ ಅಡಿಗೆಗೆ ಸೇರಿದಳು. ಒಲೆ ಹಾಕಿದ್ದು ಒಂಬತ್ತನೇ ತರಗತಿಯ ಕಿಟಕಿಯ ಕೆಳಗೆ. ಅಕ್ಕಿ ಆರಿಸುತ್ತಾ, ಬದನೆಕಾಯಿ ಹೆಚ್ಚುತ್ತಾ ಪಾಠ ಕೇಳುವುದು ಅವಳಿಗೆ ಖುಷಿಯಾಗಿತ್ತು. ಒಬ್ಬ ವಿಜ್ಞಾನದ ಟೀಚರಮ್ಮ ಇದ್ದರು. ಆಕೆ ಬೇರೆಯವರ ಹಾಗೆ "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಮೈ ಬೆಳೆಯುವ, ಮಕ್ಕಳಾಗುವ ಅಧ್ಯಾಯವನ್ನು ಹಾರಿಸಲಿಲ್ಲ. ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ, ತೆಲುಗಿನಲ್ಲಿ, ಮಗ್ಗಿ ಹೇಳಿಕೊಟ್ಟಷ್ಟು ಸರಾಗವಾಗಿ ಹೇಳಿದರು. ಮುಟ್ಟು ಎಂದರೇನು, ಅದು ಮೈಲಿಗೆಯಲ್ಲ. ಹುಡುಗರ ದನಿ ಏಕೆ ಒಡೆಯುತ್ತದೆ. ಬೇಡ ಎಂದವರನ್ನು ಮುಟ್ಟಬಾರದು, ಹುಡುಗಿ ನಕ್ಕರೆ ಒಪ್ಪಿದಳೆಂದು ಅರ್ಥವಲ್ಲ. ಹೆಣ್ಣು ಹುಟ್ಟಿತೆಂದು ತಾಯಿಯನ್ನು ಬೈಯುವುದು ಮೂರ್ಖತನ, ಅದು ತೀರ್ಮಾನವಾಗುವುದು ತಂದೆಯ ಕಡೆಯಿಂದ. ಮಕ್ಕಳಾಗದಿದ್ದರೆ ಕಾರಣ ಗಂಡನಲ್ಲಿರಬಹುದು, ಹೆಂಡತಿಯಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಪರೀಕ್ಷೆ ಇಬ್ಬರಿಗೂ ಆಗಬೇಕು.

ಕಿಟಕಿಯ ಕೆಳಗೆ ಅಕ್ಕಿಯ ಮೊರ ಹಿಡಿದು ಕೂತಿದ್ದ ನನ್ನ ಮಗಳು ಅದನ್ನು ಕೇಳಿಸಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಕೋಠಿಯ ಫೋನಿಗೆ ಬೀಗಿತ್ತಿಯ ಕರೆ ಬಂತು.

"ಬೀಗ್ರೇ, ನಿಮ್ಮ ಮಗಳು ನನ್ನ ಮಗನ್ನ ಗಂಡ್ಸೇ ಅಲ್ಲ ಅಂದ್ಬುಟ್ಟವ್ಳೆ."

"ಏನಮ್ಮಾ ಹಂಗಂದ್ರೆ?"

"ಟೆಸ್ಟ್ ಮಾಡಿಸ್ಕೋಬೇಕಂತೆ ಅವ್ನು! ಊಟಕ್ಕೆ ಬಡಿಸ್ತಾ ಹೇಳವ್ಳೆ. ತಟ್ಟೆ ಬಿಟ್ಟು ಎದ್ಬುಟ್ಟ ನನ್ನ ಮಗ. ನೀವು ಬಂದು ಕೇಳಿ, ಇಲ್ದಿದ್ರೆ ಕರ್ಕಂಡು ಹೋಗಿ. ಕಂಬದೂರ ಕಡೆ ಒಂದು ಹುಡ್ಗಿ ನೋಡಿದೀವಿ. ಇಷ್ಟು ದಿನ ನಿಮ್ಮ ಮುಖ ನೋಡ್ಕಂಡು ಸುಮ್ನಿದ್ವಿ."

ಮರುದಿನ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಎರಡನೆಯವಳು ಬಂದರೆ ನನ್ನ ಮಗಳು ಆ ಮನೆಯಲ್ಲಿ ಕಸ ಮುಸುರೆಗೆ ಇರಬೇಕು, ಇಲ್ಲದಿದ್ದರೆ ಹಿಂದೂಪುರಕ್ಕೆ ಬಂದು ಬಂಜೆಯೆಂಬ ಹೆಸರಿನಲ್ಲಿ ಬದುಕಬೇಕು. ಅದನ್ನು ತಪ್ಪಿಸಬೇಕು. ಅಷ್ಟರಮಟ್ಟಿಗೆ ನಾನು ಯೋಚಿಸಿದ್ದು ಸರಿ. ತಪ್ಪಿಸುವ ದಾರಿ ಮಗಳ ಬಾಯಿ ಮುಚ್ಚಿಸುವುದು ಎಂದುಕೊಂಡೆನಲ್ಲ, ಅದು ತಪ್ಪು.

ಬೀಗಿತ್ತಿ ಪಡಸಾಲೆಯಲ್ಲಿ ಕೂತಿದ್ದರು. ಅಳಿಯ ಅಂಗಡಿಗೆ ಹೋಗಿದ್ದ, ಮಗಳು ಶಾಲೆಗೆ. "ಇದೆಲ್ಲ ಅವ್ಳಿಗೆ ಎಲ್ಲಿಂದ ಬಂತು?" ಎಂದು ಕೇಳಿದೆ.

"ಇನ್ನೆಲ್ಲಿಂದ? ಆ ಸ್ಕೂಲಿಂದ. ಒಬ್ಳು ಟೀಚರು ಬಂದವ್ಳೆ, ಹುಡುಗ್ರು ಹುಡ್ಗೀರ ಮುಂದೆ ಬಾಯಿಗೆ ಬಂದಿದ್ದೆಲ್ಲ ಹೇಳ್ತಾಳಂತೆ. ಈ ಬೀದಿಯೋರೆಲ್ಲ ಉರೀತಾ ಅವ್ರೆ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಬೈಯಲು ಮಗಳಲ್ಲದ, ಅಳಿಯನಲ್ಲದ, ಬೀಗಿತ್ತಿಯಲ್ಲದ ಒಬ್ಬರು ಸಿಕ್ಕಿದರು. ಆ ಬೀದಿಯ ನಾಲ್ಕಾರು ಜನ ಅಪ್ಪಂದಿರನ್ನು ಜೊತೆಗೆ ಹಾಕಿಕೊಂಡು ಶಾಲೆಗೆ ನಡೆದೆ. ಹಿರಿಯ, ಹತ್ತನೇ ಕ್ಲಾಸು ಓದಿದವನು, ಹಿಂದೂಪುರದವನು ಎಂದು ಅವರೇ ನನ್ನನ್ನು ಮುಂದೆ ಬಿಟ್ಟರು.

ಹೆಡ್‌ಮಾಸ್ಟರು ವರಾಂಡದಲ್ಲಿ ಕುರ್ಚಿ ಹಾಕಿಸಿದರು. ಟೀಚರಮ್ಮನನ್ನು ಕರೆಸಿದರು. ನಾನು ಕೂರಲಿಲ್ಲ. ನಿಂತೇ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. "ನಮಗೆ ಯಾರಮ್ಮ ಈ ಪಾಠ ಹೇಳಿಕೊಟ್ರು? ಯಾರೂ ಹೇಳ್ಕೊಡ್ದೆ ನಾವು ಮಕ್ಕಳು ಹೆತ್ತು ಸಾಕ್ಲಿಲ್ವಾ?" ಎಂದೆ. ಹಿಂದಿದ್ದವರು ಭೇಷ್ ಎನ್ನುವ ಹಾಗೆ ನಕ್ಕರು.

ವರಾಂಡದಾಚೆ ಒಲೆಯ ಹತ್ತಿರ ನನ್ನ ಮಗಳು ಸೌಟು ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದ್ದು ಆ ಮಾತು ಬಾಯಿಂದ ಹೋದ ಮೇಲೆ.

ಟೀಚರಮ್ಮ ಸಿಟ್ಟಾಗಲಿಲ್ಲ. "ನಿಮ್ಮ ಮೊಮ್ಮಕ್ಕಳು ಯಾವ ಕ್ಲಾಸು ಪೆದ್ದಾಯನಾ?" ಎಂದು, ಹಿರಿಯರೇ ಎಂಬ ಮರ್ಯಾದೆಯಲ್ಲೇ, ಕೇಳಿದರು. ತಿಳಿಯದೆ ಕೇಳಿದ್ದು, ಚುಚ್ಚಬೇಕೆಂದಲ್ಲ. ಪಕ್ಕದವನು, "ಯಾರ ಮಕ್ಕಳಾದ್ರೇನು ಮೇಡಂ, ನಮ್ಮೂರ ಮಕ್ಕಳು" ಎಂದು ಮಾತು ತೇಲಿಸಿದ. ಹೆಡ್‌ಮಾಸ್ಟರು ಗಲಾಟೆ ಬೇಡವೆನ್ನುವ ಮನುಷ್ಯ. ಆ ಪಾಠ ಇನ್ನು ನಡೆಯುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟರು. ನಾವು ಗೆದ್ದೆವು. ಹೋಟೆಲಿನಲ್ಲಿ ನನಗೆ ಟೀ ಕುಡಿಸಿದರು.

ಸಂಜೆ ಶಾಲೆಯ ತೊಟ್ಟಿಯ ಹತ್ತಿರ ಮಗಳು ಅನ್ನದ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ನಿಂತೆ. ಬುದ್ಧಿ ಹೇಳಲೆಂದೇ ಹೋದದ್ದು.

"ಅತ್ತೆ ಹತ್ರ ತಪ್ಪಾಯ್ತು ಅಂದ್ಬುಡಮ್ಮ. ಎಲ್ಲ ಸರಿಹೋಯ್ತದೆ."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅಪ್ಪಾ, ಒಂದು ಕೇಳ್ತೀನಿ ಹೇಳು. ನಿನ್ನ ಕೋಠೀಲಿ ಒಂದು ಹಾಳೆ ಮೊಟ್ಟೆ ಹಳದೀನೇ ಉಳ್ಕಂಡ್ರೆ ನೀನು ಯಾವುದ್ನ ಬೈತಿದ್ದೆ?"

ನಾನು ತೊಟ್ಟಿಯ ನೀರಿನ ಕಡೆ ನೋಡಿದೆ.

"ಹೇಳಪ್ಪ. ಬುತ್ತಿ ತಂದು ಪಕ್ಕದಲ್ಲೇ ನಿಂತಿರ್ತಿದ್ನಲ್ಲ, ನಂಗೇನು ಗೊತ್ತಿಲ್ವಾ? ಗಂಡು ಸುಸ್ತಾಗವೆ, ಹಳೇ ಗಂಡು ಬಿಟ್ಟವ್ರೆ, ಬದಲಾಯ್ಸಿ ಅಂತ ಕೂಗ್ತಿದ್ದೆ. ಹೆಣ್ಣಿಗೆ ಒಂದಿನಾನೂ ಅಂದಿದ್ದು ಕಾಣೆ. ಚಿಟ್ಟೆಗೊಂದು ನ್ಯಾಯ, ಮಗಳಿಗೊಂದಾ?"

"ಚಿಟ್ಟೆನೂ ಮನುಷ್ಯರೂ ಒಂದೇನಮ್ಮಾ?"

"ಅಲ್ಲ. ಅದ್ಕೇ ಟೀಚರಮ್ಮ ಮನುಷ್ಯರ್ದು ಹೇಳ್ತಿದ್ರು. ನೀನು ಬಂದು ನಿಲ್ಲಿಸ್ದೆ." ಪಾತ್ರೆಯನ್ನು ಬೋರಲು ಹಾಕಿ ಎದ್ದಳು. "ಬಸ್ಸಿಗೆ ಹೊತ್ತಾಯ್ತು, ಹೋಗಪ್ಪ."

ಓದುವವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಚಿಟ್ಟೆ ಇಟ್ಟ ಮೊಟ್ಟೆ ಮೊದಲು ಹಳದಿಯಾಗಿರುತ್ತದೆ. ಗಂಡು ಸರಿಯಾಗಿ ಕೂಡಿದ್ದರೆ ದಿನ ಕಳೆದಂತೆ ಬಣ್ಣ ತಿರುಗುತ್ತದೆ. ಗಂಡಿನ ಬೀಜ ಸೇರದ ಮೊಟ್ಟೆ ಹಳದಿಯಾಗಿಯೇ ಉಳಿದು ಕೊನೆಗೆ ಚಪ್ಪಟೆಯಾಗುತ್ತದೆ. ಗಂಡು ಸಾಲದೆ ಬಂದಾಗ ಒಂದು ಜೋಡಿ ಬಿಡಿಸಿದ ಗಂಡನ್ನೇ ತಣ್ಣಗೆ ಇಟ್ಟುಕೊಂಡು ಮತ್ತೊಂದು ಹೆಣ್ಣಿಗೆ ಬಿಡುವುದುಂಟು. ಅಂಥ ಹಾಳೆಗಳಲ್ಲಿ ಹಳದಿ ಹೆಚ್ಚು. ಇದು ಆ ಕೆಲಸದವರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಿರುವುದನ್ನೇ ಗೇಟಿನ ಒಳಗೆ ಬಿಟ್ಟು ಮನೆಗೆ ಹೋಗುತ್ತಿದ್ದವನು ನಾನು.

ಹಿಂದೂಪುರಕ್ಕೆ ವಾಪಸ್ ಬಂದ ತಿಂಗಳಲ್ಲೇ ಅಂಥ ಒಂದು ಸಾಲು ಹಾಳೆ ಬಂತು. ಮೇಜಿನ ಸುತ್ತ ಇದ್ದವರು ನನ್ನ ಮುಖ ನೋಡಿದರು. ಅಭ್ಯಾಸಬಲದಿಂದ, "ಗಂಡು ಸುಸ್ತು" ಎಂದೆ. ನನ್ನ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದ ಹೆಂಗಸಿನದು ಬಾಯಿ ಜೋರು. "ಏನ್ ಮೇಸ್ತ್ರಿ, ಯಾವಾಗ್ಲೂ ಗಂಡಿನ್ ಮೇಲೇ ಹಾಕ್ತೀಯ! ಇಷ್ಟು ನ್ಯಾಯ ಹೊರ್ಗಡೆ ಇದ್ದಿದ್ರೆ ನಮ್ಮ ಗಂಡಂದಿರನ್ನೂ ಬದಲಾಯಿಸ್ಕಂತಿದ್ವಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಕೈ ತೊಳೆದು ಮಾಲೀಕರಿಗೆ ಹೇಳಿ ರಜೆ ಹಾಕಿದೆ.

ಮೊದಲು ಹೋದದ್ದು ಟೀಚರಮ್ಮನ ಹತ್ತಿರ. ಕಲ್ಯಾಣದುರ್ಗದಲ್ಲಿ ಆಕೆ ಇರಲಿಲ್ಲ. ನಮ್ಮ ಗಲಾಟೆಯ ಮೇಲೆ ಆಕೆಯನ್ನು ಕಂಬದೂರ ಕಡೆಯ ಒಂದು ಶಾಲೆಗೆ ಹಾಕಿದ್ದರು. ಷೇರ್ ಆಟೋದಲ್ಲಿ ಮೇಕೆ, ಮೂಟೆ, ಜನದ ನಡುವೆ ಕೂತು ಹೋದೆ. ಊಟದ ಬಿಡುವಿನಲ್ಲಿ ಆಕೆ ಬೇವಿನ ಮರದ ಕೆಳಗೆ ಡಬ್ಬಿ ತೆರೆದು ಕೂತಿದ್ದರು. ನನ್ನನ್ನು ಗುರುತು ಹಿಡಿದರು. ಎದ್ದು ನಿಲ್ಲಲಿಲ್ಲ.

"ತಪ್ಪು ಮಾಡ್ದೆ ತಾಯಿ. ಕ್ಷಮಿಸ್ಬೇಕು" ಎಂದೆ.

"ನಾನು ದಿನಾ ಎರಡು ಬಸ್ಸು ಹತ್ತಿ ಬರ್ಬೇಕು ಈಗ. ನೀವು ಕ್ಷಮೆ ಕೇಳಿದ್ರೆ ಒಂದು ಬಸ್ಸು ಕಮ್ಮಿ ಆಗುತ್ತಾ?" ಎಂದರು. ಮತ್ತೆ ಡಬ್ಬಿ ಮುಚ್ಚಿ, "ಚೆಪ್ಪಂಡಿ, ಬಂದ ವಿಷಯ ಹೇಳಿ" ಎಂದರು.

ಮಗಳ ವಿಷಯವನ್ನೆಲ್ಲ ಹೇಳಿದೆ. ಅವಳು ಕಿಟಕಿಯ ಕೆಳಗೆ ಕೂತು ಪಾಠ ಕೇಳುತ್ತಿದ್ದಳೆಂದು ಆಕೆಗೆ ತಿಳಿದಿರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದರು.

"ಅವಳು ಏನು ಹೇಳ್ಬೇಕೋ ಹೇಳಿಯಾಗಿದೆ. ಇನ್ನು ಹೇಳ್ಬೇಕಾದೋರು ನೀವು. ಅಳಿಯನ ಹತ್ರ ಹೋಗಿ."

"ಆ ಮಾತನ್ನ ಹೆಂಗೆ ಆಡೋದು ತಾಯಿ? ಅವನಿಗೆ ಅವಮಾನ ಆಗಲ್ವಾ?"

"ಜ್ವರ ಬಂದ್ರೆ ರಕ್ತ ಟೆಸ್ಟ್ ಮಾಡಿಸ್ತೀರಲ್ಲ, ಅವಮಾನ ಆಗುತ್ತಾ? ಅದೇ ದನೀಲಿ ಹೇಳಿ. ಪಿಸುಗುಟ್ಟಬೇಡಿ. ಪಿಸುಗುಟ್ಟಿದ್ರೇನೇ ಅವಮಾನ."

ವಯಸ್ಸಾದ ಕಾಲಕ್ಕೆ ಬೇವಿನ ಮರದ ಕೆಳಗೆ ನನಗೆ ಪಾಠವಾಯಿತು. ನಾಚಿಕೆಯಿಲ್ಲದೆ ಕೇಳಿದೆ. ಗಂಡಸಿನ ಶಕ್ತಿ ಬೇರೆ, ಬೀಜ ಬೇರೆ. ಒಂದು ಚೆನ್ನಾಗಿದ್ದು ಇನ್ನೊಂದು ಕಡಿಮೆ ಇರಬಹುದು. ಪರೀಕ್ಷೆಯಲ್ಲಿ ಏನು ಮಾಡುತ್ತಾರೆ, ಎಲ್ಲಿಗೆ ಹೋಗಬೇಕು. ಆಕೆ ಒಂದೊಂದಾಗಿ ಹೇಳಿದರು, ನಾನು ತಲೆಯಾಡಿಸಿದೆ. ಬೆಲ್ಲು ಹೊಡೆಯಿತು. ಆಕೆ ಹೋದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಮತ್ತೆ ಕೇಳಲೂ ಇಲ್ಲ.

ಆ ಶಾಲೆಯ ಪಾಠ ಏನಾಯಿತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ಮತ್ತೆ ಶುರುವಾಗಲಿಲ್ಲ. ಆ ವರ್ಷದ ಒಂಬತ್ತನೇ ತರಗತಿಯ ಮಕ್ಕಳು ಅರ್ಧಕ್ಕೇ ನಿಂತ ಪಾಠದೊಂದಿಗೆ ಮುಂದೆ ಹೋದರು, ಅದು ನನ್ನ ಲೆಕ್ಕಕ್ಕೆ. ಮುಂದಿನ ವರ್ಷ ಅದೇ ಹೆಡ್‌ಮಾಸ್ಟರ ಹತ್ತಿರ ಹೋಗಿ ನಿಂತೆ. "ನಿಲ್ಲಿಸಿದ್ದೂ ನೀವೇ, ಈಗ ಬೇಕು ಅನ್ನೋದೂ ನೀವೇನಾ?" ಎಂದರು. ಹೌದು, ನಾನೇ ಎಂದೆ. ಅವತ್ತು ನನ್ನ ಜೊತೆ ಬಂದಿದ್ದ ಅಪ್ಪಂದಿರ ಮನೆಗೆಲ್ಲ ಮತ್ತೆ ಹೋದೆ. ಒಬ್ಬ ಬಾಗಿಲಲ್ಲೇ ನಿಲ್ಲಿಸಿ, "ನಿನಗೇನು ಬುದ್ಧಿ ಕೆಟ್ಟಿದೆಯಾ ಮಾವ" ಎಂದ. ಇಬ್ಬರು ಒಪ್ಪಿದರು. ಹೊಸ ಟೀಚರು ಆ ಅಧ್ಯಾಯವನ್ನು ಹಾರಿಸದೆ ಮಾಡಿದರೆಂದು ಮಗಳು ಆಮೇಲೆ ಹೇಳಿದಳು. ಹಳೆಯ ಟೀಚರಮ್ಮನಷ್ಟು ಚೆನ್ನಾಗಿ ಅಲ್ಲವಂತೆ.

ಈಗ ಅಳಿಯನ ಮಾತಿಗೆ ಬರುತ್ತೇನೆ. ಕಂಬದೂರಿನಿಂದ ನೇರ ಅವನ ಅಂಗಡಿಗೆ ಹೋದೆ. ಸುಟ್ಟ ಮೋಟರು ಬಿಚ್ಚಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ನಾನು ಮಣೆ ಎಳೆದು ಕೂತೆ. ಟೀಚರಮ್ಮ ಹೇಳಿದ ದನಿಯಲ್ಲೇ, ಪಿಸುಗುಟ್ಟದೆ, "ನೀವಿಬ್ರೂ ಒಟ್ಟಿಗೆ ಅನಂತಪುರಕ್ಕೆ ಹೋಗಿ ಟೆಸ್ಟ್ ಮಾಡಿಸ್ಕಳ್ಳಿ, ನಾನೂ ಬತ್ತೀನಿ" ಎಂದೆ.

ಅವನ ಕೈ ನಿಂತಿತು. "ನೀವೂ ಹಂಗೇ ಅಂತೀರಾ ಮಾವ? ನಂಗೇನು ಕಮ್ಮಿ? ಬೇಕಾದ್ರೆ ನಿಮ್ಮ ಮಗಳನ್ನೇ ಕೇಳಿ, ನಾನು ಸರ್ಯಾಗೇ ಇದೀನಿ."

"ನೀನು ಸರ್ಯಾಗಿಲ್ಲ ಅಂತ ನಾನೆಲ್ಲಂದೆ? ನಮ್ಮ ಕೋಠೀಲಿ ಎಷ್ಟೋ ಗಂಡು ರೆಕ್ಕೆ ಬಡ್ಕಂಡು ಜೋರಾಗೇ ಕೂಡ್ತವೆ. ಆದ್ರೂ ಮೊಟ್ಟೆ ಹಳದಿ. ಶಕ್ತಿ ಬೇರೆ, ಬೀಜ ಬೇರೆ ಕಣಪ್ಪ."

ಅವನು ನನ್ನನ್ನೇ ನೋಡಿದ. ಮೂವತ್ತು ದಾಟಿದ ಗಂಡಸು. ಆ ಎರಡೂ ಬೇರೆ ಬೇರೆ ಎಂದು ಅವನು ಕೇಳಿದ್ದು ಅದೇ ಮೊದಲು. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಗೆಳೆಯರು ಹೇಳಿದ್ದು ಬರೀ ಜಂಬದ ಮಾತು, ಅಪ್ಪ ಹೇಳಿದ್ದು ಏನೂ ಇಲ್ಲ. ಹೆಂಡತಿ ಕೇಳಿದಾಗ ಅವನು ಪರೀಕ್ಷೆಗೆ ಒಲ್ಲೆ ಎಂದದ್ದು ಕೆಟ್ಟತನದಿಂದಲ್ಲ. ಪರೀಕ್ಷೆಯೆಂದರೆ ತನ್ನ ಗಂಡಸುತನಕ್ಕೆ ಬೀಳುವ ಏಟು ಎಂದು ತಿಳಿದಿದ್ದ. ಈ ಪಾಠ ಹೆಣ್ಣುಮಕ್ಕಳಿಗೆ ಸಾಕು, ಗಂಡು ಹುಡುಗರಿಗೇಕೆ ಎನ್ನುವವರನ್ನು ಈಗಲೂ ಕಾಣುತ್ತೇನೆ. ಅವರಿಗೆ ನಾನು ಗಟ್ಟಿಯಾಗಿ ಹೇಳುವುದು ಇಷ್ಟೇ. ನನ್ನ ಮಗಳು ಕಿಟಕಿಯ ಕೆಳಗೆ ಕೂತು ಎಲ್ಲ ಕಲಿತಳು. ಆದರೂ ಅವಳ ಗಂಡನಿಗೆ ಅದೇನೂ ಗೊತ್ತಿಲ್ಲದ್ದರಿಂದ ಅವಳ ತಿಳಿವಳಿಕೆ ಅವಳಿಗೇ ಮುಳುವಾಯಿತು. ಇಬ್ಬರೂ ಒಂದೇ ಬೆಂಚಿನ ಪಾಠ ಕೇಳಿರಬೇಕು. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅದು ಮನೆಯಲ್ಲಿ ಜಗಳವಾಗುತ್ತದೆ.

ಅಳಿಯ ತಂತಿ ಕೆಳಗಿಟ್ಟು, "ಬತ್ತೀನಿ, ಆದ್ರೆ ಅಮ್ಮನಿಗೆ ಹೇಳ್ಬೇಡಿ" ಎಂದ. ಸರಿ ಎಂದೆ.

ಮೂವರೂ ಅನಂತಪುರಕ್ಕೆ ಹೋದೆವು. ಬೀಗಿತ್ತಿಗೆ ಮೋಟರಿನ ಸಾಮಾನು ತರಲು ಹೋಗುತ್ತೇವೆಂದು ಹೇಳಿದ್ದೆವು. ಬಸ್ಸಿನಲ್ಲಿ ಮಗಳು ಕಿಟಕಿ ಕಡೆ, ನಡುವೆ ಅಳಿಯ, ಈಚೆ ನಾನು. ಆಸ್ಪತ್ರೆಯಲ್ಲಿ ಹೆಸರು ಕೂಗಿದಾಗ ಅಳಿಯ ಏಳಲಿಲ್ಲ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟು, "ಏಳಿ, ನಾನಿಲ್ಲೇ ಇರ್ತೀನಿ" ಎಂದಳು. ಎದ್ದು ಹೋದ.

ಫಲಿತಾಂಶ ನೋಡಿ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಅವಳಲ್ಲಿ ಏನೂ ತೊಂದರೆಯಿಲ್ಲ. ಅವನಲ್ಲಿ ಬೀಜ ತೀರಾ ಕಡಿಮೆ. ಔಷಧಿ ಕೊಡುತ್ತೇನೆ, ಮಾತು ಕೊಡಲಾರೆ ಎಂದರು.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಅಳಿಯ ಬಹಳ ಹೊತ್ತು ಮುಖ ತೊಳೆದ. ನಾನು ಹತ್ತಿರ ಹೋಗಿ, "ನಿಮ್ಮಮ್ಮನಿಗೆ ನಾನು ಹೇಳ್ತೀನಪ್ಪ, ನೀನೇನೂ ಮಾತಾಡ್ಬೇಡ" ಎಂದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

ಮನೆಗೆ ಬಂದಾಗ ಬೀಗಿತ್ತಿ ಪಡಸಾಲೆ ಸಾರಿಸಿ ಹೊಸ ಚಾಪೆ ಹಾಸಿದ್ದರು. ಮಾರನೆಯ ದಿನ ಕಂಬದೂರಿನ ಹುಡುಗಿಯ ಕಡೆಯವರು ಮಾತುಕತೆಗೆ ಬರುವವರಿದ್ದರು. ನಮ್ಮ ಬೆನ್ನ ಹಿಂದೆಯೇ ಗೊತ್ತು ಮಾಡಿದ್ದರು. ಮಗಳನ್ನು ನೋಡಿ, "ನಾಳೆ ನೆಂಟ್ರು ಬತ್ತಾರೆ, ಅಕ್ಕಿ ನೆನೆಹಾಕು" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಳಿಯ ಹೇಳಿದ. "ಅವ್ರಿಗೆ ಬರ್ಬೇಡಿ ಅನ್ನಮ್ಮ."

"ಯಾಕ್ಲಾ?"

"ಟೆಸ್ಟ್ ಮಾಡಿಸ್ಕಂಡು ಬಂದೆ. ಅವ್ಳು ಸರ್ಯಾಗವ್ಳೆ. ತೊಂದ್ರೆ ಇರೋದು ನನ್ನಲ್ಲಿ."

"ಚಾಲ್ಲೇ, ಊರುಕೋ! ಸಾಕು, ಸುಮ್ನಿರು!" ಬೀಗಿತ್ತಿ ಸಿಟ್ಟು ಬಂದರೆ ತೆಲುಗಿಗೆ ತಿರುಗುತ್ತಿದ್ದರು. "ಯಾರು ಹೇಳ್ಕೊಟ್ಟು ಈ ಮಾತು ಆಡಿಸ್ತಾ ಅವ್ರೆ?"

"ಯಾರೂ ಇಲ್ಲ. ಡಾಕ್ಟ್ರು ಹೇಳವ್ರೆ. ಫೋನ್ ಮಾಡು."

"ಮಾಡಿ ಏನಂತ ಹೇಳ್ಲೋ? ನನ್ನ ಬಾಯಲ್ಲಿ?"

ಆ ತಾಯಿಯ ಮೇಲೂ ನನಗೆ ಆಗ ಕೋಪ ಬರಲಿಲ್ಲ. ಆಕೆಗೂ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅಳಿಯ ಜೇಬಿನಿಂದ ತನ್ನ ಸೆಲ್ ತೆಗೆದು ತಾನೇ ಫೋನ್ ಮಾಡಿದ. ಹುಡುಗಿಯ ಅಪ್ಪ ಎತ್ತಿಕೊಂಡಿರಬೇಕು. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬೀದಿಗೂ ಕೇಳಿಸಿರಬೇಕು.

"ನೀವು ಬರೋದು ಬೇಡ ಅಣ್ಣ. ಮಕ್ಕಳಾಗ್ದೆ ಇರೋದಕ್ಕೆ ಕಾರಣ ನಾನು, ನನ್ನ ಹೆಂಡ್ತಿ ಅಲ್ಲ. ನಿಮ್ಮ ಹುಡ್ಗೀನ ತಂದ್ರೆ ನಾಳೆ ಅವ್ಳಿಗೂ ಇದೇ ಗತಿ. ಓದ್ತಾ ಇದ್ರೆ ಓದ್ಸಿ."

ಔಷಧಿ ಕುಡಿದರೂ ಅವರಿಗೆ ಮಕ್ಕಳಾಗಲಿಲ್ಲ. ಆ ಮನೆಗೆ ಎರಡನೆಯವಳೂ ಬರಲಿಲ್ಲ. ಅವರಿಬ್ಬರೇ ಈಗಲೂ ಅಲ್ಲಿದ್ದಾರೆ, ಚೆನ್ನಾಗಿದ್ದಾರೆ.

ಅವತ್ತು ಫೋನ್ ಇಟ್ಟ ಮೇಲೆ ನಾನು ಮಗಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಕಂಬಕ್ಕೆ ಒರಗಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನನ್ನ ಪಾಲಿಗೆ ಏನೂ ಇರಲಿಲ್ಲ, ಅದು ಸರಿಯಾಗಿಯೇ ಇತ್ತು.